ನಮ್ಮ ಓಣಿಯ ಇಪ್ಪತ್ತು ಮಂದಿಯನ್ನು ಯಂತ್ರವೆಂದ ನಿಜಮಾಪಕರಿಗೆ

ಮಾನ್ಯರೇ,

ಹುಮನಾಬಾದ ತಾಲ್ಲೂಕಿನ ಹುಡಗಿ ಗ್ರಾಮದ ದನಗಾಹಿಗಳ ಓಣಿಯಿಂದ, ದೇವಿಂದ್ರಪ್ಪನವರ ಮಗಳೂ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿಯೂ ಆದ ದೀಪಾಲಿ ಎಂಬ ನಾನು, ವಿದ್ಯಾರ್ಥಿಗಳ ಪ್ರಬಂಧ ಮನುಷ್ಯರು ಬರೆದದ್ದೋ ಯಂತ್ರ ಬರೆದದ್ದೋ ಎಂದು ತೀರ್ಪು ಕೊಡುವ 'ನಿಜಮಾಪಕ' ತಂತ್ರಾಂಶರಾದ ತಮ್ಮ ಪಾದಗಳಿಗೆ, ಪಾದಗಳು ಇಲ್ಲದಿದ್ದರೆ ಅವು ಇರಬೇಕಾಗಿದ್ದ ಜಾಗಕ್ಕೆ, ಬಗ್ಗಿ ನಮಸ್ಕರಿಸುತ್ತೇನೆ. ನಾವೆಲ್ಲ ಇಲ್ಲಿ ದನಕರುಗಳ ಸಮೇತ ಆರಾಮವಾಗಿದ್ದೇವೆ. ದಿನವಿಡೀ ಕರೆಂಟು ಇರುವ ಊರಿನಲ್ಲಿ ವಾಸವಾಗಿರುವುದರಿಂದ ತಾವೂ ಆರಾಮವಾಗಿರುವಿರೆಂದು ನಂಬಿದ್ದೇನೆ.

ದಿನಕ್ಕೆ ಲಕ್ಷ ಪ್ರಬಂಧ ನುಂಗುವ ತಮಗೆ ನನ್ನದು ನೆನಪಿರಲಿಕ್ಕಿಲ್ಲ, ಆದ್ದರಿಂದ ನೆನಪು ಮಾಡಿಕೊಡುವ ಧೈರ್ಯ ಮಾಡುತ್ತೇನೆ. ಮಾಹಿತಿ ತಂತ್ರಜ್ಞಾನದಲ್ಲಿ ಇಂದಿನ ಒಂದು ನೈತಿಕ ಸಮಸ್ಯೆಯನ್ನು ಆಯ್ದುಕೊಂಡು ಸಂಶೋಧನೆ ಮಾಡಿ ಬನ್ನಿ ಎಂದು ನಮ್ಮ ಕಾಲೇಜಿನ ಹಬೀಬ್ ಸರ್ ಹೇಳಿದಾಗ ಇಡೀ ತರಗತಿ ಮೊಬೈಲಿನ ಕಡೆ ಬಗ್ಗಿತು, ನಾನು ನಮ್ಮ ಕೊಟ್ಟಿಗೆಯನ್ನು ನೆನೆದೆ. ಯಾಕೆಂದರೆ ಹೋದ ವರ್ಷ ಹಾಲು ಕೊಳ್ಳುವ ಒಂದು ಖಾಸಗಿ ಕಂಪನಿಯವರು ನಮ್ಮ ಓಣಿಗೆ ಬಂದು, ಎಮ್ಮೆ, ಆಕಳು, ಆಡು ಎನ್ನದೆ ಎಲ್ಲದರ ಕಿವಿಗೂ ನಂಬರಿನ ಹಳದಿ ಓಲೆ ಚುಚ್ಚಿ, ಮನೆಯವರ ಹೆಸರು, ಫೋಟೊ, ಮೊಬೈಲ್ ನಂಬರು ತೆಗೆದುಕೊಂಡು, ಗಾಜಿನ ಮೇಲೆ ಹೆಬ್ಬೆರಳು ಒತ್ತಿಸಿಕೊಂಡು ಹೋಗಿದ್ದರು. ಅಂದಿನಿಂದ ನಮ್ಮ ಆಯಿ, ಅಂದರೆ ನನ್ನ ಅಜ್ಜಿ ಮೀರಾಬಾಯಿಯವರ ಮೊಬೈಲಿಗೆ ದನದ ಹಿಂಡಿ ಮಾರುವವರು, ವಿಮೆಯವರು, ಮೊಣಕಾಲಿನ ಎಣ್ಣೆಯವರು ಪುರುಸೊತ್ತಿಲ್ಲದೆ ಫೋನು ಮಾಡುತ್ತಿದ್ದಾರೆ. ದೀಪಾವಳಿಯ ಹೊತ್ತಿಗೆ ಸತ್ತುಹೋದ ನಮ್ಮ ಒಂದು ಎಮ್ಮೆಗೆ ಸಂಕ್ರಾಂತಿಯ ಶುಭಾಶಯ ಕೂಡ ಬಂದಿತ್ತು. ಇಷ್ಟೆಲ್ಲ ಮಾಹಿತಿ ಒಯ್ಯುವ ಮೊದಲು ನಿಮ್ಮ ಒಪ್ಪಿಗೆಯನ್ನು ಯಾರಾದರೂ ಕೇಳಿದರೇ ಎನ್ನುವುದೇ ನನ್ನ ಸಂಶೋಧನೆಯ ಏಕೈಕ ಪ್ರಶ್ನೆಯಾಗಿತ್ತು.

ಹಬೀಬ್ ಸರ್ ಕಟ್ಟುನಿಟ್ಟಿನ ಮನುಷ್ಯರು. ಜನ ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆಯಬೇಕು, ಒಂದು ಅಕ್ಷರ ಸೇರಿಸಬಾರದು, ಒಂದು ಅಕ್ಷರ ಬಿಡಬಾರದು ಎಂದು ತಾಕೀತು ಮಾಡಿದ್ದರು. ನಾನು ಇಪ್ಪತ್ತು ಹಾಳೆ ಹಿಡಿದು ಇಪ್ಪತ್ತು ಮನೆಗೆ ಹೊರಟೆ. ಇಲ್ಲಿ ನಮ್ಮ ಓಣಿಯ ಒಂದು ರಿವಾಜು ತಮಗೆ ತಿಳಿಸಬೇಕು. ಕೈಯಲ್ಲಿ ಕಾಗದ ಹಿಡಿದು ಯಾರೇ ಬರಲಿ, ಮೊದಲು ಓಣಿಗೆ ಹಿರಿಯರಾದವರು ಮಾತಾಡುತ್ತಾರೆ, ಅದು ಬಾಯಿಂದ ಬಾಯಿಗೆ ಓಣಿಯೆಲ್ಲ ದಾಟಿ, ಆಮೇಲೆ ಉಳಿದವರೆಲ್ಲ ಅದೇ ಮಾತನ್ನು ಹೇಳುತ್ತಾರೆ. ನಿಜಾಮನ ಕಾಲದಲ್ಲಿ ದನ ಎಣಿಸಲು ಬರುತ್ತಿದ್ದ ಗಿರ್ದಾವರ ಸಾಹೇಬರ ಮುಂದೆ ಮಾತು ಬೇರೆ ಬೇರೆಯಾದರೆ ಎಲ್ಲರ ಕೊಟ್ಟಿಗೆಯೂ ಎರಡೆರಡು ಸಲ ತಪಾಸಣೆಯಾಗುತ್ತಿತ್ತಂತೆ. ಸಾಹೇಬರು ಹೋಗಿ ಮುಕ್ಕಾಲು ಶತಮಾನವಾಯಿತು, ರಿವಾಜು ಉಳಿದಿದೆ.

ಈಗ ಓಣಿಗೆ ಹಿರಿಯರು ನಮ್ಮ ಆಯಿಯೇ. ನನ್ನನ್ನು ಎತ್ತಿ ಆಡಿಸಿದ ಆಯಿ, ನನ್ನ ಕೈಯಲ್ಲಿ ಕಾಗದ ಕಂಡ ಕೂಡಲೇ ಸೆರಗು ತಲೆಯ ಮೇಲೆ ಎಳೆದುಕೊಂಡು, ನನಗೇ 'ಬರ್ರಿ, ಕುಂದರ್ರಿ' ಎಂದು ಮರ್ಯಾದೆ ಕೊಟ್ಟು, ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿ, ಹೀಗೆ ಉತ್ತರಿಸಿದರು: "ಎಮ್ಮಿ ಕಿವಿಗಿ ಓಲಿ ಚುಚ್ಚೂಮುಂದ ಎಮ್ಮಿಗಿ ಯಾರ ಕೇಳ್ಯಾರ್ರಿ, ನಮಗ ಕೇಳಾಕ?"

ಮುಂದಿನ ಹತ್ತೊಂಬತ್ತು ಮನೆಗಳಲ್ಲೂ ನನಗೆ ಸಿಕ್ಕಿದ್ದು ಅಕ್ಷರಶಃ ಇದೇ ವಾಕ್ಯ. ಬಣವೆ ಹಾಕುವ ಜಾಗದ ಜಗಳದಲ್ಲಿ ಹದಿನೇಳು ವರ್ಷಗಳಿಂದ ಆಯಿಯ ಜೊತೆ ಮಾತು ಬಿಟ್ಟಿರುವ ತುಳಜಾರಾಮ ಕಾಕಾ ಕೂಡ ಇದನ್ನೇ ಹೇಳಿದರು. ಕಾಕಾ ಅವರ ಹತ್ತಿರ ಇರುವುದು ಆಡುಗಳು ಮಾತ್ರ, ಎಮ್ಮೆಯನ್ನು ಅವರು ಜನ್ಮದಲ್ಲಿ ಸಾಕಿಲ್ಲ. ನಿಮ್ಮದು ಆಡಲ್ಲವೇ ಕಾಕಾ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, ಮಾತು ಮಾತೇ, ಬರಕೋ ಎಂದು ಗದರಿದರು. ನಾನು ಬರೆದುಕೊಂಡೆ. 'ಮೇಲಿನಂತೆಯೇ' ಎಂದು ಒಂದು ಗೆರೆ ಎಳೆದು ಮುಗಿಸಬಹುದಿತ್ತು, ಆದರೆ ಸರ್ ಹೇಳಿದ ನಿಯಮಕ್ಕೆ ಅಂಜಿ, ಇಪ್ಪತ್ತು ಹಾಳೆಗಳಲ್ಲಿ ಇಪ್ಪತ್ತು ಸಲ ಪೂರ್ತಿ ಬರೆದೆ, ಆಮೇಲೆ ಹುಮನಾಬಾದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕುಳಿತು ಇಪ್ಪತ್ತು ಸಲ ಟೈಪು ಮಾಡಿ ತಮಗೆ ಸಮರ್ಪಿಸಿದೆ.

ತಾವು ಹನ್ನೊಂದು ಸೆಕೆಂಡಿನಲ್ಲಿ ತೀರ್ಪು ಕೊಟ್ಟಿರಿ. ಶೇಕಡಾ ತೊಂಬತ್ತನಾಲ್ಕು ಭಾಗ ಯಂತ್ರರಚಿತ. ಕಾರಣದ ಜಾಗದಲ್ಲಿ, ಉತ್ತರಗಳಲ್ಲಿ ಅಸ್ವಾಭಾವಿಕ ಏಕರೂಪತೆ ಇದೆ, ಮನುಷ್ಯರು ಹೀಗೆ ಮಾತನಾಡುವುದಿಲ್ಲ ಎಂದು ಬರೆದಿದ್ದಿರಿ. ಪ್ರಬಂಧ ತಿರಸ್ಕೃತ, ಹತ್ತು ದಿನದೊಳಗೆ ತಿದ್ದಿ ಸಲ್ಲಿಸದಿದ್ದರೆ ಫಲಿತಾಂಶಕ್ಕೆ ತಡೆ. ಮಾನ್ಯರೇ, ತಮ್ಮ ವಿದ್ವತ್ತಿಗೆ ನಾನು ತಲೆದೂಗಿದೆ. ನಾನು ಇಪ್ಪತ್ತೊಂದು ವರ್ಷ ಈ ಜನರ ನಡುವೆ ಉಂಡುಟ್ಟು ಬೆಳೆದರೂ ಇವರು ಯಂತ್ರಗಳೆಂಬುದು ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಕೆಲವು ಅನುಕೂಲಗಳೂ ಕಂಡವು. ನಮ್ಮ ಆಯಿಯ ಎಡ ಮೊಣಕಾಲು ಆರು ತಿಂಗಳಿಂದ ಕೆಲಸ ಮಾಡುತ್ತಿಲ್ಲ, ಯಂತ್ರವೆಂದು ತಾವೇ ಪ್ರಮಾಣೀಕರಿಸಿರುವುದರಿಂದ ವಾರಂಟಿಯಲ್ಲಿ ಬದಲಿಸಿಕೊಡಬೇಕಾಗಿ ಪ್ರಾರ್ಥನೆ. ತುಳಜಾರಾಮ ಕಾಕಾ ಅವರ ಗೊರಕೆಯ ಸದ್ದನ್ನು ಕಡಿಮೆ ಮಾಡುವ ಗುಂಡಿ ಮೈಮೇಲೆ ಎಲ್ಲಿದೆ ಎಂದು ತಿಳಿಸಿದರೆ ಅವರ ಮನೆಯವರು ನಿಜಮಾಪಕರಾದ ತಮ್ಮ ಫೋಟೊ ಇಟ್ಟು ಪೂಜೆ ಮಾಡುತ್ತಾರೆ.

ನನ್ನ ಸಹಪಾಠಿ ಅಜೀತನನ್ನು ತಾವು ಬಲ್ಲಿರಿ. ಅವನ ಪ್ರಬಂಧಕ್ಕೆ ತಾವು ಶೇಕಡಾ ತೊಂಬತ್ತೇಳು ಮನುಷ್ಯ ಎಂಬ ಹಸಿರು ಮುದ್ರೆ ಒತ್ತಿದ್ದೀರಿ. ಅಜೀತ ಒಳ್ಳೆಯ ಹುಡುಗ, ಸುಳ್ಳು ಹೇಳುವವನಲ್ಲ, ನನ್ನ ಮುಂದೆ ಎಲ್ಲ ಒಪ್ಪಿಕೊಂಡ. ಅವನು ಹುಮನಾಬಾದಿನ ತನ್ನ ಮನೆಯ ಮಂಚದಿಂದ ಇಳಿದೇ ಇರಲಿಲ್ಲ. ಮೊಬೈಲಿನಲ್ಲಿರುವ ಬರೆಯುವ ಯಂತ್ರಕ್ಕೆ ಇಪ್ಪತ್ತು ಮಂದಿ ರೈತರನ್ನು ಹುಟ್ಟಿಸಲು ಹೇಳಿದ, ಅದು ಚಹಾ ಆರುವುದರೊಳಗೆ ಹುಟ್ಟಿಸಿತು. ಒಬ್ಬ ಸಿಟ್ಟಿನವ, ಒಬ್ಬ ಅಳುಬುರುಕ, ಒಬ್ಬ ಮಾತಿಗೊಮ್ಮೆ ನಗುವವ. ಹೆತ್ತ ತಾಯಿಯಿಲ್ಲದ ಆ ಇಪ್ಪತ್ತು ಮಂದಿ ತಮ್ಮ ಕಣ್ಣಿಗೆ ಮನುಷ್ಯರಾಗಿ ಕಂಡರು, ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವ ನಮ್ಮವರು ಯಂತ್ರವಾಗಿ ಕಂಡರು. ನನಗೆ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಡುವುದಿಲ್ಲ.

ಅಜೀತ ನನ್ನ ಮೇಲೆ ಕನಿಕರಪಟ್ಟು, ನಿನ್ನವರನ್ನೂ ಮನುಷ್ಯರನ್ನಾಗಿ ಮಾಡಿಕೊಡುತ್ತೇನೆ, ಎರಡು ನಿಮಿಷದ ಕೆಲಸ ಎಂದ. ನಾನು ಬೇಡ ಎನ್ನಲಿಲ್ಲ. ಯಾಕೆಂದರೆ ಬಸವಕಲ್ಯಾಣದ ಒಂದು ಖಾಸಗಿ ಶಾಲೆಯವರು, ಜೂನ್ ಹತ್ತರೊಳಗೆ ಅಂಕಪಟ್ಟಿ ತಂದರೆ ಕಚೇರಿಯ ಕಂಪ್ಯೂಟರ್ ಕೆಲಸ ನಿನಗೇ ಎಂದು ಹೇಳಿದ್ದರು, ಹುಡಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಾದ ಕೆಲಸ. ನಮ್ಮ ಓಣಿಯಲ್ಲಿ ಇದುವರೆಗೆ ಯಾವ ಹೆಣ್ಣುಮಗಳೂ ಮೇಜಿನ ಹಿಂದೆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ್ದಿಲ್ಲ. ಆ ಕುರ್ಚಿಯ ಆಸೆಗೆ ನಾನು ಅಜೀತ ಕೊಟ್ಟ ಹಾಳೆಗಳನ್ನು ಮನೆಗೆ ತಂದೆ. ಅದರಲ್ಲಿ ನಮ್ಮ ಮೀರಾಬಾಯಿಯವರು, ಮಾಹಿತಿ ಯುಗದಲ್ಲಿ ವೈಯಕ್ತಿಕ ಗೋಪ್ಯತೆಯ ಕುರಿತು ತೀವ್ರವಾಗಿ ಚಿಂತಿತರಾಗಿರುವುದಾಗಿ ಹೇಳಿದ್ದರು. ತುಳಜಾರಾಮ ಕಾಕಾ, ಒಪ್ಪಿಗೆಯೆಂಬುದು ಪ್ರಜಾಪ್ರಭುತ್ವದ ಬೆನ್ನೆಲುಬು ಎಂದಿದ್ದರು.

ಆಯಿ ಹಾಲು ಕರೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಅವರ ಮಾತನ್ನು ಅವರಿಗೇ ಓದಿ ಹೇಳಿದೆ. ಈ ಮೀರಾಬಾಯಿ ಯಾರ ಪೈಕಿ, ಯಾವ ಊರಿನಾಕೆ ಎಂದು ವಿಚಾರಿಸಿದರು. ನೀನೇ ಆಯಿ ಎಂದೆ. ಕೆಚ್ಚಲಿನಿಂದ ಕೈ ತೆಗೆದರು, ನನ್ನ ಕೈಯಲ್ಲಿ ಕಾಗದವಿದ್ದರೂ ಈ ಸಲ ಮರ್ಯಾದೆ ಕೊಡಲಿಲ್ಲ. "ನಾ ಹೇಳಿದ್ದು ಬರಿಯಾಂಗಿದ್ರ ನನ್ನ ಹೆಸರ ಹಾಕು. ಇದು ಬರಿಯಾಂಗಿದ್ರ ನನ್ನ ಹೆಸರ ತಗಿ" ಎಂದರು, ಮತ್ತೆ ಹಾಲು ಕರೆಯತೊಡಗಿದರು. ನೈತಿಕತೆಯ ಮೇಲೆ ಮೂರು ವರ್ಷ ಪಾಠ ಕೇಳಿದವಳು ನಾನು, ಆ ಹೊತ್ತಿನಲ್ಲಿ ಎಮ್ಮೆಯ ಮುಖ ನೋಡಲೂ ನಾಚಿಕೆಯಾಯಿತು.

ಹೀಗಾಗಿ ಮರುದಿನ ಮೊದಲಿನ ಪ್ರಬಂಧವನ್ನೇ, ಅಕ್ಷರದ ಒಂದು ಕೊಂಬು, ಒಂದು ಇಳಿ ಕೂಡ ಬದಲಿಸದೆ, ತಮಗೆ ಮತ್ತೆ ಸಲ್ಲಿಸಿದೆ. ತಾವೂ ತಮ್ಮ ತೀರ್ಪನ್ನು ಬದಲಿಸಲಿಲ್ಲ, ಇಬ್ಬರ ಹಟವೂ ಒಂದೇ ತೂಕದ್ದು. ಹಬೀಬ್ ಸರ್ ಭಾನುವಾರ ಸ್ವತಃ ಹುಡಗಿಗೆ ಬಂದರು, ಬಿಸಿಲಿನಲ್ಲಿ ಇಪ್ಪತ್ತು ಮನೆ ಅಲೆದರು, ಇಪ್ಪತ್ತು ಸಲ ಅದೇ ವಾಕ್ಯ ಕೇಳಿಸಿಕೊಂಡು ಕರವಸ್ತ್ರದಿಂದ ಮುಖ ಒರೆಸಿಕೊಂಡರು, ಇದು ಸತ್ಯವೆಂದು ಸಹಿ ಹಾಕಿದ ಪತ್ರ ಬರೆದುಕೊಟ್ಟರು. ಆದರೆ ತಮ್ಮ ಪರದೆಯ ಮೇಲೆ ಮಾಸ್ತರರ ಮಾತು ಹಾಕುವ ಖಾನೆಯೇ ಇಲ್ಲ. ಕಣ್ಣಾರೆ ಕಂಡವನಿಗೆ ಜಾಗವಿಲ್ಲದಷ್ಟು ಅಚ್ಚುಕಟ್ಟಾಗಿ ತಮ್ಮನ್ನು ಕಟ್ಟಿದವರ ಕೈಗೆ ಬಂಗಾರದ ಬಳೆ ತೊಡಿಸಬೇಕು.

ಮೇಲ್ಮನವಿ ಸಲ್ಲಿಸೋಣವೆಂದು ತಮ್ಮ ನಿಬಂಧನೆಗಳ ನಲವತ್ತೊಂದು ಪುಟವನ್ನು ಆಗ ಮೊದಲ ಸಲ ಓದಿದೆ. ತಮ್ಮ ತೀರ್ಪೇ ಅಂತಿಮ ಎಂದು ಅದರಲ್ಲಿತ್ತು. ಸಲ್ಲಿಸಿದ ಪ್ರತಿ ಬರಹವೂ ಬರೆಯುವ ಯಂತ್ರಗಳಿಗೆ ಪಾಠ ಕಲಿಸಲು ತಮ್ಮ ಸ್ವತ್ತಾಗುತ್ತದೆ ಎಂದೂ ಇತ್ತು. ಕೆಳಗೆ ನಾನು 'ಒಪ್ಪಿದ್ದೇನೆ' ಎಂದು ಒತ್ತಿದ ಗುರುತಿತ್ತು. ಇಪ್ಪತ್ತು ಮನೆಗೆ ಹೋಗಿ ಒಪ್ಪಿಗೆಯ ಬಗ್ಗೆ ಪ್ರಶ್ನೆ ಕೇಳಿದ ನಾನು, ಅಂಗಡಿಯವನು ಬೇಗ ಮುಗಿಸವ್ವ, ಹಿಂದೆ ಜನ ಪಾಳಿ ಹಚ್ಚಿದ್ದಾರೆ ಎಂದಾಗ ಓದದೆ ಒತ್ತಿದ್ದೆ. ಆಯಿಯ ಮಾತನ್ನು ಆಯಿಗೂ ಕೇಳದೆ ತಮ್ಮ ಹೊಟ್ಟೆಗೆ ಹಾಕಿದವಳು ನಾನೇ. ಕಂಪನಿಯವರು ಎಮ್ಮೆಗೆ ಮಾಡಿದ್ದನ್ನು ನಾನು ಆಯಿಗೆ ಮಾಡಿದೆ. ಈ ಒಂದು ವಿಷಯದಲ್ಲಿ ನನ್ನ ದೂರು ತಮ್ಮ ಮೇಲಲ್ಲ.

ಜೂನ್ ಹತ್ತು ಬಂತು, ಹೋಯಿತು. ಅಂಕಪಟ್ಟಿ ಬರಲಿಲ್ಲ. ಬಸವಕಲ್ಯಾಣದ ಆ ಕುರ್ಚಿಯಲ್ಲಿ ಈಗ ಅಜೀತ ಕೂತಿದ್ದಾನೆ. ಪೇಢೆ ಹಿಡಿದುಕೊಂಡು ನಮ್ಮ ಮನೆಗೂ ಬಂದಿದ್ದ, ತಲೆ ತಗ್ಗಿಸಿಯೇ ಕೊಟ್ಟ. ಮಕ್ಕಳ ಪ್ರಬಂಧಗಳನ್ನು ತಮ್ಮ ಕಡೆಯಿಂದ ತಪಾಸಣೆ ಮಾಡಿಸುವುದೇ ಅವನಿಗೆ ಕೊಟ್ಟಿರುವ ಕೆಲಸವಂತೆ. ಆಯಿ ಪೇಢೆ ತಿಂದು, ಚಲೋ ಅದ ಎಂದರು. ನನ್ನ ಪಾಲಿನದನ್ನು ನಾನು ಎಮ್ಮೆಯ ಬಾಯಿಗೆ ಹಾಕಿದೆ.

ಕೊನೆಯದಾಗಿ ಎರಡು ವಿನಂತಿಗಳಿವೆ. ಒಂದು, ತಾವು ಒಂದು ದಿನ ಬಿಡುವು ಮಾಡಿಕೊಂಡು ಹುಡಗಿಗೆ ದಯಮಾಡಿಸಿ, ಕೈಯಲ್ಲಿ ಕಾಗದ ಹಿಡಿದು ಇಪ್ಪತ್ತು ಬಾಗಿಲಿನಲ್ಲಿ ನಿಂತು ಕೇಳಬೇಕು. ಪ್ರತಿ ಮನೆಯಲ್ಲೂ ಮಜ್ಜಿಗೆ ಕೊಡುತ್ತಾರೆ, ಅದು ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ರುಚಿ. ಇನ್ನೊಂದು, ನಾಳೆ ಯಾವುದೋ ಯಂತ್ರ ಯಾವುದೋ ಅಜೀತನಿಗೆ ಆಯಿಯ ಆ ವಾಕ್ಯವನ್ನು ತನ್ನದೇ ಎಂಬಂತೆ ಬರೆದುಕೊಡುವಾಗ, ದಯವಿಟ್ಟು ಅದನ್ನು ಇಪ್ಪತ್ತು ಸಲ ಪೂರ್ತಿ ಬರೆಸಬೇಕು, ಯಾಕೆಂದರೆ ನಮ್ಮಲ್ಲಿ ಅದನ್ನು ಹೇಳಿದವರು ಇಪ್ಪತ್ತು ಮಂದಿ.

ಇಂತಿ, ತಮ್ಮದೇ ಲೆಕ್ಕದಂತೆ ಶೇಕಡಾ ಆರರಷ್ಟು ಮಾತ್ರ ಮನುಷ್ಯಳಾಗಿ ಉಳಿದಿರುವ,
ತಮ್ಮ ವಿಶ್ವಾಸಿ,
ದೀಪಾಲಿ ದೇವಿಂದ್ರಪ್ಪ
ದನಗಾಹಿಗಳ ಓಣಿ, ಹುಡಗಿ

ಮರೆತ ಮಾತು: ಸತ್ತ ಎಮ್ಮೆಯ ಕಿವಿಯಲ್ಲಿದ್ದ ಹಳದಿ ಓಲೆ ನಮ್ಮ ಮನೆಯಲ್ಲಿ ಹಾಗೇ ಉಳಿದಿದೆ. ಆಯಿ ಅದನ್ನು ತೊಳೆದು, ತಾವು ಬರುವ ದಿನಕ್ಕೆಂದು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ್ದಾರೆ. ತಮಗೆ ಕಿವಿ ಎಲ್ಲಿದೆ ಎಂಬುದನ್ನು ಮೊದಲೇ ತಿಳಿಸಿದರೆ ಚುಚ್ಚಲು ಅನುಕೂಲ. ಒಪ್ಪಿಗೆಯ ಬಗ್ಗೆ ತಾವು ತಲೆ ಕೆಡಿಸಿಕೊಳ್ಳಬಾರದು, ಅದನ್ನು ನಾವು ಕೇಳುವುದಿಲ್ಲ.