ಎಂಟು ಮೂಲೆಯ ಕಪ್ಪು ಮುದ್ರೆ

ಶನಿವಾರ ಬೆಳಿಗ್ಗೆ ಗಂಡ ಫುಲ್ಹೆನ್ಸಿಯೊ ಓಡಿಸುವ ಬಾಡಿಗೆ ವ್ಯಾನು ಒರೆಸುತ್ತಿದ್ದ ಒದಿಲಿಯಾಳ ಕೈಗೆ ಅವನ ಸೀಟಿನ ಅಡಿಯಿಂದ ಖಾಲಿ ಬಿಸ್ಕತ್ತಿನ ಪೊಟ್ಟಣವೊಂದು ಸಿಕ್ಕಿತು. ಪೊಟ್ಟಣದ ಮೇಲೆ ಸರ್ಕಾರದ ಎಂಟು ಮೂಲೆಯ ಕಪ್ಪು ಮುದ್ರೆಗಳು ಮೂರು: ಸಕ್ಕರೆ ಜಾಸ್ತಿ, ಕೊಬ್ಬು ಜಾಸ್ತಿ, ಕ್ಯಾಲೊರಿ ಜಾಸ್ತಿ. ಫುಲ್ಹೆನ್ಸಿಯೊಗೆ ಗ್ರಹಚಾರ ಸುತ್ತಿಕೊಂಡಿದ್ದು ಅಲ್ಲಿಂದ.

ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಕಪ್ಪು ಮುದ್ರೆಯ ಯಾವುದೂ ಗಂಡನ ಬಾಯಿಗೆ ಹೋಗಕೂಡದೆಂದು ಒದಿಲಿಯಾ ಅವತ್ತೇ ಕಾನೂನು ಮಾಡಿದ್ದಳು. ಅವಳಪ್ಪ ಸತ್ತಿದ್ದೂ ಇದೇ ಕಾಯಿಲೆಯಲ್ಲಿ. ಕೊನೆಯ ದಿನದವರೆಗೂ "ನಾನೇನೂ ತಿಂದಿಲ್ಲ ಮಗಳೇ" ಎಂದು ಸುಳ್ಳು ಹೇಳುತ್ತಲೇ ಹೋದ ಪುಣ್ಯಾತ್ಮ.

"ಏ ಮುದುಕಾ, ಏನಿದು?"

"ಬಿಸ್ಕತ್ತು ಕಣೇ."

"ಮುದ್ರೆ ಕಾಣಿಸ್ಲಿಲ್ವಾ?"

ಆಸೆಯಾಯಿತು, ತಿಂದೆ ಎಂದಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಕೆಟ್ಟ ಬಾಯಿ. "ಗ್ವಾದಲೂಪೆ ತಾಯಿ ಆಣೆಗೂ ಕಾಣಿಸ್ಲಿಲ್ಲ" ಎಂದುಬಿಟ್ಟ.

"ಇಷ್ಟು ದಪ್ಪಕ್ಕೆ ಮೂರು ಬಡಿದವ್ರೆ, ಕಾಣಿಸ್ಲಿಲ್ಲ ಅಂತೀಯಲ್ಲ! ನೋಡು, ಇದು ಸುಳ್ಳು ಅಂತ ಗೊತ್ತಾಗ್ಲಿ, ಸಂಜೆ ಬಸ್ಸಿಗೇ ವೆರಾಕ್ರೂಸ್‌ಗೆ, ಅಕ್ಕನ ಮನೆಗೆ ಹೊರಟೆ ನಾನು. ಸುಳ್ಳು ಕೇಳ್ಕೊಂಡು ಇನ್ನೊಂದು ಹೆಣ ಕಾಯೋಕೆ ನನ್ನ ಕೈಲಾಗಲ್ಲ."

ಹೇಳಿದ್ದನ್ನು ಮಾಡುವವಳು ಅವಳು. ಇಪ್ಪತ್ತಾರು ವರ್ಷ ಒಟ್ಟಿಗೆ ಉಂಡವಳು ಹೋಗಿಬಿಟ್ಟರೆ ಆ ಮನೆಯಲ್ಲಿ ಫುಲ್ಹೆನ್ಸಿಯೊ ಯಾರ ಮುಖ ನೋಡಬೇಕು?

ಅಷ್ಟರಲ್ಲಿ ಗೋಡೆಯಾಚೆಯಿಂದ ತಮಾಲೆ ಕಡುಬು ಮಾರುವ ದೋನ್ಯಾ ಚೋನಾಳ ತಲೆ ಮೇಲೆದ್ದಿತು. ಊರ ಉಸಾಬರಿಯೆಲ್ಲ ಆ ತಲೆಯದೇ.

"ಜಗಳ ಯಾಕ್ರೇ? ಮಾರ್ಕೆಟ್ಟಿಗೆ ಯೂನಿವರ್ಸಿಟಿ ಹುಡುಗಿ ಬಂದವ್ಳೆ. ಅವಳು ಕೊಡೋ ಕನ್ನಡಕ ಹಾಕ್ಕೊಂಡ್ರೆ ನಮ್ಮ ಕಣ್ಣು ಎಲ್ಲೆಲ್ಲಿ ಹೋಯ್ತು ಅಂತ ಟೀವೀಲಿ ಬರುತ್ತೆ. ಕೆಲವು ಪೊಟ್ಟಣಕ್ಕೆ ಕಪ್ಪಿನ ಬದಲು ಕೆಂಪು ಮುದ್ರೆ ಅಂಟಿಸವ್ಳೆ, ಜನರ ಕಣ್ಣಿಗೆ ಕಪ್ಪು ಬೀಳುತ್ತೋ, ಕೆಂಪು ಬೀಳುತ್ತೋ ಅಂತ ಪರೀಕ್ಷೆಯಂತೆ. ಇವನಿಗೂ ಹಾಕ್ಸಿ, ಸತ್ಯ ಹೊರಗೆ ಬರ್ಲಿ!"

ಬೀದಿಗೆ ಬೀದಿಯೇ ಮಾರ್ಕೆಟ್ಟಿಗೆ ಹೊರಟಿತು. ಮದುವೆ ದಿಬ್ಬಣಕ್ಕೂ ಅಷ್ಟು ಜನ ಸೇರಿರಲಿಲ್ಲ.

ಹುಡುಗಿ ಕನ್ನಡಕ ತೊಡಿಸಿ, "ದಿನಾ ಹೇಗೆ ಕೊಳ್ತೀರೋ ಹಾಗೇ ಕೊಳ್ಳಿ ಸಾರ್" ಎಂದಳು. ಫುಲ್ಹೆನ್ಸಿಯೊ ತೀರ್ಮಾನಿಸಿದ: ಒಂದೇ ಒಂದು ಮುದ್ರೆಯನ್ನೂ ನೋಡಕೂಡದು. ನೋಡಿದರೆ ಹೆಂಡತಿ ವೆರಾಕ್ರೂಸ್ ಬಸ್ಸು ಹತ್ತಿದಳೆಂದೇ ಲೆಕ್ಕ.

ನೋಡಬಾರದೆಂದು ಹೊರಟ ಮೇಲೆ ಮುದ್ರೆಗಳು, ನಾವು ಕಣ್ಣು ತಪ್ಪಿಸಿ ಓಡಾಡುವ ನೆಂಟರ ಹಾಗೆ, ಎಲ್ಲ ಕಡೆಯಿಂದಲೂ ಎದುರಾದವು. ಅವನು ಪೊಟ್ಟಣಗಳ ಅಂಚು ನೋಡಿದ, ಚಾವಣಿ ನೋಡಿದ, ಅಂಗಡಿಯವನ ಬೋಳುತಲೆ ನೋಡಿದ. ಚಾವಣಿ ನೋಡಿಕೊಂಡೇ ನಡೆದು ಮೀನಿನ ಡಬ್ಬಿಗಳ ಗೋಪುರಕ್ಕೆ ಢಿಕ್ಕಿ ಹೊಡೆದ. ಡಬ್ಬಿಗಳು ದಡಬಡ ಉರುಳಿದವು.

"ಮುಂದೆ ನೋಡ್ಕೊಂಡು ನಡಿಯೋ ಮಾರಾಯ!" ಎಂದು ಚೋನಾ ಕೂಗಿದಳು. ಅವನು ಬೆವರಿ ತೊಪ್ಪೆಯಾಗಿದ್ದ.

ಹುಡುಗಿ ಪರದೆಯನ್ನು ಎರಡೆರಡು ಸಲ ನೋಡಿ ಹುಬ್ಬು ಗಂಟಿಕ್ಕಿದಳು. "ಬೆಳಿಗ್ಗೆಯಿಂದ ನಲವತ್ತು ಜನ ಬಂದ್ರು, ಎಲ್ಲರೂ ಒಂದಾದ್ರೂ ಮುದ್ರೆ ನೋಡಿದ್ರು. ಇವರ ಕಣ್ಣು ಕಪ್ಪು, ಕೆಂಪು ಯಾವುದರ ಮೇಲೂ ನಿಂತಿಲ್ಲ."

ಒದಿಲಿಯಾ ಓಡಿಬಂದು ಗಂಡನ ಕೈ ಹಿಡಿದುಕೊಂಡಳು. "ಹಾಗಾದ್ರೆ ನೀನು ಹೇಳಿದ್ದು ನಿಜಾನಾ? ಸುಮ್ಸುಮ್ನೆ ಬೈದ್ಬಿಟ್ಟೆ ಕಣೋ." ಬದುಕಿದೆಯಾ ಬಡಜೀವವೇ ಎಂದು ಫುಲ್ಹೆನ್ಸಿಯೊ ಉಸಿರು ಬಿಟ್ಟ.

"ಒಂದ್ನಿಮಿಷ ತಾಯಿ" ಎಂದು ಗುಂಪಿನಿಂದ ಮುಂದೆ ಬಂದವನು ವ್ಯಾನು ಚಾಲಕರ ಸಂಘದ ಕಾರ್ಯದರ್ಶಿ ದೋನ್ ಹಸಿಂತೊ. "ರಸ್ತೆ ಮೂಲೇಲಿ 'ನಿಲ್ಲು' ಅಂತ ಬೋರ್ಡಿರುತ್ತಲ್ಲ, ಅದಕ್ಕೂ ಎಂಟೇ ಮೂಲೆ. ಮೂಗಿನ ಮುಂದಿರೋ ಮುದ್ರೆ ಕಾಣದೋನಿಗೆ ಆ ಬೋರ್ಡು ಕಾಣುತ್ತಾ?"

ಚೋನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಅಯ್ಯಯ್ಯೋ! ನನ್ನ ಮೊಮ್ಮಕ್ಕಳು ದಿನಾ ಸ್ಕೂಲಿಗೆ ಹೋಗೋದು ಇವನ ವ್ಯಾನಲ್ಲೇ!"

ಹಸಿಂತೊ ಕೈ ಚಾಚಿದ. "ಕೀ ಕೊಡಪ್ಪ. ಬೇಜಾರು ಮಾಡ್ಕೋಬೇಡ, ಇನ್ನು ನೀನು ವ್ಯಾನು ಓಡಿಸೋ ಹಾಗಿಲ್ಲ."

"ನಂಗೆಲ್ಲ ಕಾಣುತ್ತೆ!" ಫುಲ್ಹೆನ್ಸಿಯೊ ಕಿರುಚಿದ. "ನೋಡಿ, ಅಲ್ಲಿ ಸಕ್ಕರೆ ಜಾಸ್ತಿ, ಅದರ ಕೆಳಗೆ ಕೊಬ್ಬು ಜಾಸ್ತಿ!"

"ಎಲ್ಲದರ ಮೇಲೂ ಅದೇ ಅಲ್ವೇನಯ್ಯಾ ಇರೋದು? ಕುರುಡನಿಗೂ ಬಾಯಿಪಾಠ" ಎಂದ ಹಸಿಂತೊ, ಅವನ ಕೈಯಿಂದ ಕೀ ಕಿತ್ತು ಜೇಬಿಗಿಳಿಸಿ.

ಫುಲ್ಹೆನ್ಸಿಯೊ ಹೆಂಡತಿಯ ಕಡೆ ತಿರುಗಿದ. "ಕೇಳೇ ಇಲ್ಲಿ, ಮುದ್ರೆ ನೋಡಿಕೊಂಡೇ ತಿಂದೆ. ನಿನ್ನ ಹತ್ರ ಸುಳ್ಳು ಹೇಳ್ದೆ. ಬೇಕಾದ್ರೆ ವೆರಾಕ್ರೂಸ್‌ಗೆ ಹೋಗು, ಆದ್ರೆ ಇವರಿಗೆ ಹೇಳು!"

ಒದಿಲಿಯಾ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡ ಮುದುಕಾ. ಕೆಲಸ ಉಳಿಸ್ಕೊಳ್ಳೋಕೆ ಅಂತ ನನ್ನ ಹತ್ರ ಸುಳ್ಳು ಹೇಳ್ಬೇಡ. ಎಲ್ಲೂ ಹೋಗಲ್ಲ ನಾನು. ಈ ಕಾಯಿಲೇಲಿ ನಮ್ಮಪ್ಪಂಗೂ ಮೊದಲು ಹೋಗಿದ್ದು ಕಣ್ಣೇ."

ಜನ ದಾರಿ ಬಿಟ್ಟರು. "ಮೆಟ್ಟಿಲಿದೆ, ಹುಷಾರು" ಎನ್ನುತ್ತ ಅವಳು ಮಗುವನ್ನು ನಡೆಸಿದ ಹಾಗೆ ಅವನನ್ನು ನಡೆಸಿಕೊಂಡು ಹೊರಟಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ಫುಲ್ಹೆನ್ಸಿಯೊಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇವನಿಗೆಲ್ಲಿ ಕಾಣುತ್ತದೆ ಎಂದುಕೊಂಡು ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ.