ಹೊಳಲ್ಕೆರೆ ಬಿಡದ ಬಸ್ಸು

ನಮ್ಮ ಕೆಲಸವನ್ನು ಹೆಂಡತಿ ಮೆಚ್ಚಬೇಕೆಂಬ ಆಸೆ ಗಂಡಸಿಗೆ ಒಳ್ಳೆಯದಲ್ಲ. ಮೆಚ್ಚಿದವರು ನಂಬುತ್ತಾರೆ, ನಂಬಿದವರಿಗೆ ಬಸ್ಸು ತಪ್ಪುತ್ತದೆ.

ನಾನು ಹೊಸದುರ್ಗದಲ್ಲಿ ಕೂತು ವೆಬ್‌ಸೈಟ್ ಮಾಡುವವನು. ನಮ್ಮ ಕಡೆಯ ಖಾಸಗಿ ಬಸ್ಸುಗಳು ಈಗ ಎಲ್ಲಿವೆ ಎಂದು ಮೊಬೈಲಿನಲ್ಲಿ ತೋರಿಸುವ ಒಂದು ಸೈಟ್ ಮಾಡಿದ್ದೆ. ಬಸ್ಸಿನವರ ಕಂಪ್ಯೂಟರನ್ನು ಕೇಳಿದರೆ ಅದು ಉತ್ತರ ಹೇಳುತ್ತದೆ, ಆದರೆ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದವರ ಹಾಗೆ ನಿಧಾನವಾಗಿ. ಅದಕ್ಕೇ ಒಮ್ಮೆ ಬಂದ ಉತ್ತರವನ್ನು ನಮ್ಮಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ಬಂದವರಿಗೆಲ್ಲ ಅದನ್ನೇ ಕೊಡುತ್ತೇವೆ. ಇದಕ್ಕೆ ಕ್ಯಾಶ್ ಎಂದು ಹೆಸರು. ನಮ್ಮತ್ತೆಗೆ ವಿವರಿಸಿದಾಗ, "ತಂಗಳು ಅಂತ ಹೇಳಪ್ಪ, ಅದಕ್ಯಾಕೆ ಇಷ್ಟು ಮಾತು" ಎಂದರು. ಎಷ್ಟು ಹೊತ್ತು ಇಡಬೇಕೆಂಬ ಅವಧಿಯನ್ನು ನಾವೇ ಬರೆಯಬೇಕು. ನಾನು ವೇಳಾಪಟ್ಟಿ, ಟಿಕೆಟ್ ದರ, ಓಡುವ ಬಸ್ಸು ಎಲ್ಲಕ್ಕೂ ಒಂದೇ ಅವಧಿ ಬರೆದಿದ್ದೆ: ಒಂದು ಗಂಟೆ.

ಶ್ರೀರಾಂಪುರದಲ್ಲಿ ಬಾಮೈದನ ಮಗಳ ನಾಮಕರಣ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಎಂದರೆ ನನ್ನ ಹೆಂಡತಿ ಸುವರ್ಣ. ಶಾಮಿಯಾನ ಹಾಕಿಸಲು ನಾನು ಮೊದಲೇ ಹೋಗಿದ್ದೆ. ಅವಳು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸೈಟ್ ನೋಡುತ್ತ ನಿಂತಿದ್ದಳಂತೆ. ಚಿತ್ರದುರ್ಗದಿಂದ ಬರುವ ಎಕ್ಸ್‌ಪ್ರೆಸ್ ಇನ್ನೂ ಹೊಳಲ್ಕೆರೆಯಲ್ಲಿದೆ ಎಂದು ಅದು ತೋರಿಸುತ್ತಿತ್ತು. ಅಷ್ಟರಲ್ಲಿ ಒಂದು ಬಸ್ಸು ಬಂದು ಎದುರಿಗೇ ನಿಂತಿತು.

"ಶ್ರೀರಾಂಪುರ, ಶ್ರೀರಾಂಪುರ! ಹತ್ರಿ ಅಕ್ಕಾ" ಎಂದ ಕಂಡಕ್ಟರ್.

"ನಮ್ ಎಕ್ಸ್‌ಪ್ರೆಸ್ಸು ಇನ್ನೂ ಹೊಳಲ್ಕೆರೆಯಾಗೈತೆ, ನೀವು ಹೋಗ್ರಿ."

"ಇದೇ ಎಕ್ಸ್‌ಪ್ರೆಸ್ಸು ಕಣಕ್ಕಾ!"

"ಸುಳ್ಳು ಹೇಳ್ಬ್ಯಾಡ್ರಿ. ಇದ್ನ ಮಾಡಿದೋರು ನಮ್ಮನೆಯೋರೇ."

ಕಂಡಕ್ಟರ್ ಕೈಮುಗಿದು ಸೀಟಿ ಊದಿದ.

ಇತ್ತ ತೊಟ್ಟಿಲ ಸುತ್ತ ಜನ ಕಾಯುತ್ತಿದ್ದರು. ಹೆಸರಿಡದೆ ಎಲೆ ಹಾಕುವಂತಿಲ್ಲ ಎಂದು ಅತ್ತೆ ಹಟ ಹಿಡಿದಿದ್ದರು. ಹಸಿದ ನೆಂಟರೆಲ್ಲ ನನ್ನನ್ನೇ ನೋಡತೊಡಗಿದರು. ಕೊನೆಗೆ ಯಾವುದೋ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಸುವರ್ಣ, ಬೆವರೊರೆಸಿಕೊಂಡು ಕೂಸಿನ ಕಿವಿಯಲ್ಲಿ ಮುದ್ದಾಗಿ ಹೆಸರು ಹೇಳಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಇನ್ನೂ ಕೆಲವು ಹೆಸರು ಹೇಳಿದಳು.

ಮರುದಿನವೇ ರೋಷದಿಂದ ಎಲ್ಲದರ ಅವಧಿಯನ್ನೂ ಐದು ಸೆಕೆಂಡಿಗೆ ಇಳಿಸಿದೆ. ಕೇಳಿದ್ದನ್ನೇ ಕೇಳಿಸಿಕೊಂಡು ರೋಸಿಹೋದ ಬಸ್ಸಿನವರ ಕಂಪ್ಯೂಟರ್ ನಮಗೆ ಬಾಗಿಲನ್ನೇ ಹಾಕಿತು. ಸೈಟಿನಲ್ಲಿ ಒಂದು ಬಸ್ಸೂ ಇಲ್ಲ. ಅವರ ಆಫೀಸಿಗೆ ಹೋಗಿ ಬೇಡಿಕೊಂಡು ಬಂದ ಮೇಲೆ ಬುದ್ಧಿ ಬಂತು. ದರ ಎಂದೋ ಒಮ್ಮೆ ಬದಲಾಗುತ್ತದೆ, ಅದನ್ನು ದಿನಗಟ್ಟಲೆ ಇಡಬಹುದು. ಶೆಡ್ಡಿನಲ್ಲಿ ಮಲಗಿದ ಬಸ್ಸನ್ನು ಪದೇ ಪದೇ ಎಲ್ಲಿದ್ದೀಯಪ್ಪಾ ಎಂದು ಕೇಳಬೇಕಿಲ್ಲ. ಓಡುವ ಬಸ್ಸನ್ನು ಮಾತ್ರ ಆಗಾಗ ಕೇಳಬೇಕು. ಒಂದೊಂದಕ್ಕೂ ಅದರದರ ಅವಧಿ ಬರೆದೆ.

ಇದನ್ನು ಸುವರ್ಣಳಿಗೆ ತೋರಿಸಲೆಂದೇ ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಶ್ರೀರಾಂಪುರಕ್ಕೆ ಹೊರಟೆ. ಬಸ್ಸು ಸ್ಟ್ಯಾಂಡಿಗೆ ಬಂದ ಗಳಿಗೆಯಲ್ಲೇ ಮೊಬೈಲಿನ ಚುಕ್ಕೆಯೂ ಬಂತು. ನನಗೆ ಕಣ್ಣು ತುಂಬಿತು. ಪಕ್ಕದಲ್ಲಿದ್ದ ಹಿರಿಯರಿಗೆ, "ನೋಡ್ರಿ, ಬಸ್ಸು ಇಲ್ಲೇ ಐತೆ ಅಂತ ತೋರಿಸ್ತೈತೆ" ಎಂದೆ.

"ಐತಲ್ಲ, ಕಣ್ಣಿಗೇ ಕಾಣ್ತೈತೆ" ಎಂದರು.

ಅದು ಹೇಗೆ ಸಾಧ್ಯವಾಯಿತೆಂದು ಮೊದಲಿನಿಂದ ವಿವರಿಸಿದೆ. ಸಾವಧಾನದಿಂದ ಕೇಳಿದ ಅವರು ಕೊನೆಗೆ, "ಹೋತು ನೋಡ್ರಿ ಅದು" ಎಂದರು.

ಫೋನ್ ಬಂತು. "ರೀ, ಎಲ್ಲಿದ್ದೀರಿ? ನಿಮಗೂ ಸೀಟ್ ಹಿಡ್ಕಂಡು ಕುಂತೀನಿ!"

ನಾನು ಮೊಬೈಲ್ ನೋಡಿದೆ. ಸೈಟಿನಲ್ಲಿ ಈಗ ಒಂದಿಷ್ಟೂ ತಪ್ಪಿರಲಿಲ್ಲ; ನನ್ನ ಹೆಂಡತಿ ಕ್ಷಣಕ್ಷಣಕ್ಕೂ ದೂರವಾಗುತ್ತಿದ್ದಳು.