ನಲವತ್ತು ಸಾವಿರ ನಿಮಿಷದ ಸಂಬಳ

ಸಂಬಳವನ್ನು ನಿಮಿಷದ ಲೆಕ್ಕದಲ್ಲಿ ಮನೆಗೆ ತಂದ ಗಂಡಸರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ. ನಾನೊಬ್ಬನೇ ಅಲ್ಲ ಅನ್ನುವ ಸಮಾಧಾನವಾದರೂ ಸಿಗಲಿ.

ನಾನು ಕೆಲಸ ಮಾಡುತ್ತಿದ್ದದ್ದು ಒಂದು ಮೊಬೈಲ್ ಕಂಪನಿಯ ಶಾಖೆಯಲ್ಲಿ. ಒಂದು ಕಾಲಕ್ಕೆ ನಮ್ಮ ಸಿಮ್ಮಿಗಾಗಿ ಜನ ಬಿಸಿಲಲ್ಲಿ ಸಾಲು ನಿಲ್ಲುತ್ತಿದ್ದರು. ಆಮೇಲೂ ಸಾಲು ಇತ್ತು, ಬಿಟ್ಟುಹೋಗುವವರದ್ದು. ಆ ಸಾಲಿನ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವನು ನಾನು. ಬಂದವರ ಮನಸ್ಸು ತಿರುಗಿಸುವುದೇ ನನ್ನ ಉದ್ಯೋಗ. "ಎದುರಿನ ಕಂಪನಿಯವರು ಎಷ್ಟು ಮಾತಾಡಿದ್ರೂ ಪುಕ್ಕಟೆ ಅಂತಾರಲ್ಲ ಸ್ವಾಮಿ, ಎಲ್ಲಾ ಬೂಸಿ! ತಿಂಗಳು ಕಳೀಲಿ, ಬಿಲ್ಲು ಬಂದಾಗ ಬಾಯಿ ಬಾಯಿ ಬಡ್ಕೋತೀರಿ" ಎಂಬ ನನ್ನ ಭಾಷಣ ಶಾಖೆಯಲ್ಲೇ ಪ್ರಸಿದ್ಧ. ದಿನಕ್ಕೆ ಮೂವತ್ತು ಸಲ ಹೇಳಿ ಹೇಳಿ ನಾನೇ ಅದನ್ನು ಪೂರ್ತಿ ನಂಬಿಬಿಟ್ಟಿದ್ದೆ. (ಕೇಳಿದವರು ಯಾರೂ ನಂಬಲಿಲ್ಲ, ಅದು ಬೇರೆ ಮಾತು.)

ಕಂಪನಿ ಮುಳುಗುವ ಲಕ್ಷಣ ಮೊದಲು ಕಂಡದ್ದು ಎ.ಸಿ.ಯಲ್ಲಿ. ಅದು ಹೋಯಿತು. ಆಮೇಲೆ ಕುಡಿಯುವ ನೀರಿನ ಕ್ಯಾನು, ಆಮೇಲೆ ವಾಚ್‌ಮನ್. ಒಂದೊಂದು ಹೋದಾಗಲೂ ಹೆಡ್ ಆಫೀಸಿನಿಂದ ಸುತ್ತೋಲೆ ಬರುತ್ತಿತ್ತು: 'ಸಂಸ್ಥೆ ಎಂದಿಗಿಂತಲೂ ಸದೃಢವಾಗಿದೆ.' ಕೊನೆಗೆ ಒಂದೇ ದಿನ ಎರಡು ಸುತ್ತೋಲೆ ಬಂದವು. ಒಂದನೆಯದು: ಗ್ರಾಹಕರ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿದ ಶಾಖೆಗೆ ಬೀಗ, ಸಿಬ್ಬಂದಿ ಮನೆಗೆ. ಎರಡನೆಯದು: ಇನ್ನು ಮುಂದೆ ಅರ್ಧ ಸಂಬಳ ಹಣದಲ್ಲಿ, ಇನ್ನರ್ಧ ಟಾಕ್‌ಟೈಮಿನಲ್ಲಿ. (ಮೇಲಿನ ಸಾಹೇಬರುಗಳಿಗೆ ಮಾತ್ರ ಪೂರ್ತಿ ಹಣ. ಅವರಿಗೆ ಮಾತಾಡಲು ಪುರುಸೊತ್ತಿಲ್ಲವಂತೆ.)

"ನಲವತ್ತು ಸಾವಿರ ಬಂದಿದೆ ಕಣೇ," ಎಂದೆ ಮನೆಗೆ ಬಂದವನೇ, ಆದಷ್ಟು ಗತ್ತಿನಿಂದ.

ನನ್ನ ಹೆಂಡತಿಯ ಮುಖ ಅರಳಿತು. "ಎಲ್ಲಿ, ಕೊಡಿ!"

"ಕೈಯಲ್ಲಿ ಕೊಡೋಕಾಗಲ್ಲ. ನಿಮಿಷ ಅದು. ನಿನ್ನ ಫೋನಿಗೇ ಹಾಕಿಸಿದೀನಿ. ಇಪ್ಪತ್ತೆಂಟು ದಿನದಲ್ಲಿ ಮಾತಾಡಿ ಮುಗಿಸಬೇಕು. ನಮ್ಮ ಕಂಪನಿ ನಂಬರಿಗೆ ಮಾತ್ರ."

"ಮನೆ ಬಾಡಿಗೆ ಕೊಡೋಕೆ ಮಾಲೀಕರ ಮನೆಗೆ ಹೋಗಿ ನಾನು ಸಾವಿರ ನಿಮಿಷ ಮಾತಾಡಿ ಬರ್ಲಾ?"

ಆಡಿದ್ದು ಅಷ್ಟೇ. ಆದರೆ ಗಂಡನ ಬೆವರಿನ ದುಡಿಮೆ ವ್ಯರ್ಥವಾಗುವುದನ್ನು ಸಹಿಸುವ ಹೆಂಗಸಲ್ಲ ಅವಳು. ನಮ್ಮ ಪರಿಚಯದವರಲ್ಲಿ ಇನ್ನೂ ನಮ್ಮ ಕಂಪನಿಯಲ್ಲೇ ಉಳಿದಿದ್ದ ಜೀವ ಒಂದೇ ಒಂದು: ಊರಿನ ಇನ್ನೊಂದು ತುದಿಯಲ್ಲಿರುವ ನನ್ನ ಅತ್ತೆ. ಹಿಂದೆ ತಿಂಗಳ ಗುರಿ ಮುಟ್ಟಲೆಂದು ನಾನೇ ಕೈಯಾರೆ ಅವರಿಗೆ ಸಿಮ್ ಹಾಕಿಕೊಟ್ಟಿದ್ದೆ.

ಲೆಕ್ಕ ನೋಡಿ. ಇಪ್ಪತ್ತೆಂಟು ದಿನಕ್ಕೆ ಇರುವುದೇ ನಲವತ್ತು ಸಾವಿರದ ಮುನ್ನೂರ ಇಪ್ಪತ್ತು ನಿಮಿಷ. ಆ ಮುನ್ನೂರ ಇಪ್ಪತ್ತನ್ನು ಕಂಪನಿ ನಮ್ಮ ನಿದ್ದೆಗೆಂದು ಉದಾರವಾಗಿ ಬಿಟ್ಟುಕೊಟ್ಟಿತ್ತು.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಅಡುಗೆಮನೆಯ ಕಪಾಟಿನ ತುದಿಯಲ್ಲಿ, ಸಕ್ಕರೆ ಡಬ್ಬದ ಮೇಲೆ. ಫೋನು ಅಲ್ಲಿ ಪ್ರತಿಷ್ಠಾಪನೆಗೊಂಡಿತು, ಸ್ಪೀಕರ್ ಹಾಕಿದ ಸ್ಥಿತಿಯಲ್ಲಿ. ಬೆಳಗ್ಗೆ ಆರಕ್ಕೆ ಅತ್ತೆಯವರ ಆಕಾಶವಾಣಿ ಶುರುವಾದರೆ ನಾನು ಹಲ್ಲುಜ್ಜುವುದರಿಂದ ಹಿಡಿದು ಎಲ್ಲವೂ ಅವರ ಉಸ್ತುವಾರಿಯಲ್ಲೇ ನಡೆಯಬೇಕು.

"ನಲ್ಲಿ ಸದ್ದು ಕೇಳ್ತಿದೆ, ಅಳಿಯಂದ್ರು ನೀರು ಜಾಸ್ತಿ ಬಿಡ್ತಿದಾರೆ ಅನ್ಸತ್ತೆ."

"ಹೂಂ ಅಮ್ಮಾ, ದಿನಾ ಅಷ್ಟೇ."

"ಅಳಿಯಂದ್ರೇ, ಎರಡನೇ ಲೋಟ ಕಾಫೀನಾ ಅದು?"

ಲೋಟದ ಸದ್ದಿನಿಂದಲೇ ಲೆಕ್ಕ ಹಿಡಿಯುತ್ತಿದ್ದರು ಮಹಾತಾಯಿ! ಊರಿಗೆಲ್ಲ ಬಾವಿಯೊಳಗಿಂದ ಬಂದಂತೆ ಕೇಳುವ ನಮ್ಮ ನೆಟ್‌ವರ್ಕ್, ಈ ಎರಡು ಮನೆಗಳ ನಡುವೆ ಮಾತ್ರ ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಹನ್ನೆರಡನೇ ದಿನಕ್ಕೆ ನನ್ನ ತಾಳ್ಮೆ ಕಿತ್ತುಹೋಯಿತು.

ನಮ್ಮ ಶಾಖೆಯ ಗೋಡೆಯ ಮೇಲೊಂದು ಕಪ್ಪು ಹಲಗೆ. ಮ್ಯಾನೇಜರು ದಿನವೂ ಬೆಳಗ್ಗೆ ಅದರ ಮೇಲೆ ಉಳಿದ ಗ್ರಾಹಕರ ಸಂಖ್ಯೆಯನ್ನು ಬರೆಯುತ್ತಿದ್ದರು. ಅವತ್ತು ಇದ್ದದ್ದು ಸಾವಿರದ ಒಂದು. ಒಬ್ಬರು ಹೋದರೂ ಸಾವಿರ ಉಳಿಯುತ್ತದೆ, ನನ್ನ ಕೆಲಸಕ್ಕೆ ಧಕ್ಕೆಯಿಲ್ಲ. ಸಂಜೆ ನೇರ ಅತ್ತೆಯ ಮನೆಗೆ ಹೋದೆ. "ಆಫೀಸಿನ ಹೊಸ ಸ್ಕೀಮು ಅತ್ತೇ, ಇಲ್ಲೊಂದು ಸೈನ್ ಹಾಕಿ" ಎಂದೆ. ಹನ್ನೊಂದು ವರ್ಷ ಜನರನ್ನು ಮೂರು ಮೂರು ಸಲ ಅಲೆಸುತ್ತಿದ್ದ, ಕಂಪನಿ ಬಿಡುವ ಅರ್ಜಿಯನ್ನು ನಾಲ್ಕೇ ನಿಮಿಷದಲ್ಲಿ ತುಂಬಿದೆ. ಬಿಟ್ಟುಹೋಗುವ ಕಾರಣ? ಖಾಲಿ ಬಿಡುವ ಹಾಗಿಲ್ಲ. ಹೆಡ್ ಆಫೀಸಿನಲ್ಲಿ ಅದನ್ನು ಯಾರೂ ಓದುವುದಿಲ್ಲವೆಂಬ ಧೈರ್ಯದಿಂದ ಮನಸ್ಸಿನಲ್ಲಿದ್ದದ್ದನ್ನೇ ಬರೆದೆ: 'ಸಂಪರ್ಕ ವಿಪರೀತ ಚೆನ್ನಾಗಿದೆ.' ಹೊಸ ಸಿಮ್ಮನ್ನು ಎದುರಿನ ಕಂಪನಿಯಿಂದಲೇ ತಂದುಕೊಟ್ಟೆ. ಮೊದಲ ಬಿಲ್ಲು ಬಂದರೆ ಅವರು ಫೋನನ್ನು ಮುಟ್ಟುವುದೂ ಇಲ್ಲ, ಅದು ನನ್ನ ಹನ್ನೊಂದು ವರ್ಷದ ಅನುಭವ!

ಸಿಮ್ ಬದಲಾದ ದಿನ ಮನೆ ಎಷ್ಟು ಶಾಂತವಾಗಿತ್ತೆಂದರೆ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಕೇಳಿಸುವ ಹಾಗೆ ಮೂರು ಲೋಟ ಕಾಫಿ ಕುಡಿದೆ.

ಮಾರನೆಯ ದಿನ ಬೆಳಗ್ಗೆ ಸಕ್ಕರೆ ಡಬ್ಬದ ಮೇಲಿನ ಫೋನು ತಾನಾಗಿಯೇ ಬಡಿದುಕೊಂಡಿತು. "ಅಳಿಯಂದ್ರೇ, ಎಂಥಾ ಒಳ್ಳೇ ಕಂಪನಿಗೆ ಹಾಕಿಸಿಕೊಟ್ರಿ! ಇದ್ರಲ್ಲಿ ಯಾರಿಗೆ ಎಷ್ಟು ಮಾತಾಡಿದ್ರೂ ಪುಕ್ಕಟೆಯಂತೆ, ದಿನದ ಲೆಕ್ಕವೇ ಇಲ್ವಂತೆ. ಎದುರುಮನೆ ಟೀಚರು ಎರಡು ವರ್ಷದಿಂದ ಮಾತಾಡ್ತಿದಾರೆ, ಒಂದು ಪೈಸೆ ಜಾಸ್ತಿ ಬಿದ್ದಿಲ್ಲ!"

ನಾನು ಬೂಸಿ ಎಂದು ಸಾರಿದ್ದೆಲ್ಲ ಸತ್ಯವಾಗಿತ್ತು. ಊರಿಗೆಲ್ಲ ಗೊತ್ತಿದ್ದ ಸತ್ಯ ನನಗೊಬ್ಬನಿಗೇ ಗೊತ್ತಿರಲಿಲ್ಲ.

ಅದರ ಮರುದಿನ ಆಫೀಸಿಗೆ ಹೋದರೆ ಹಲಗೆಯ ಮೇಲೆ ಒಂಬೈನೂರ ತೊಂಬತ್ತೊಂಬತ್ತು. ಮ್ಯಾನೇಜರ ಕೈಯಲ್ಲಿ ಎರಡು ಅರ್ಜಿ. "ಇದು ನಿಮ್ಮ ಅಕ್ಷರ ಅಲ್ವೇನ್ರಿ? ಸಿಗ್ನಲ್ ಇಲ್ಲ ಅಂತ ಬಿಟ್ಟುಹೋದವರನ್ನ ಕಂಡಿದೀನಿ, ಚೆನ್ನಾಗಿದೆ ಅಂತ ಹೋದವರು ಕಂಪನಿಯ ಚರಿತ್ರೆಯಲ್ಲೇ ಇವರೊಬ್ಬರು. ಹೋಗ್ಲಿ, ಅದು ಹೋದ್ಮೇಲೂ ಸಾವಿರ ಉಳಿದಿತ್ತು. ಇದು ನಿನ್ನೆ ಮಧ್ಯಾಹ್ನ ಅರ್ಜಿ ಡಬ್ಬಕ್ಕೆ ಬಿದ್ದದ್ದು. ಡಬ್ಬಕ್ಕೆ ಬಿದ್ದ ಅರ್ಜಿ ತಡೆಯೋ ಹಾಗಿಲ್ಲ. ವಿಳಾಸ ನಿಮ್ಮನೇದೇ."

ಹೆಂಡತಿಯ ದುಂಡನೆಯ ಅಕ್ಷರ. ಬಿಟ್ಟುಹೋಗುವ ಕಾರಣ: 'ನಮ್ಮಮ್ಮ ಅಲ್ಲಿದ್ದಾರೆ.'

ಮಧ್ಯಾಹ್ನವೇ ಶಟರು ಎಳೆದರು. ಪರಿಹಾರವಾಗಿ ತಲಾ ಒಂದು ಲಕ್ಷ ನಿಮಿಷ ಕೊಟ್ಟರು, ನಮ್ಮ ಕಂಪನಿ ನಂಬರಿಗೆ ಮಾತ್ರ.

"ನನಗೊಂದು ಮಾತು ಹೇಳಬಾರದಿತ್ತೇನೇ?" ಎಂದು ಮನೆಯಲ್ಲಿ ಕೂಗಾಡಿದೆ.

"ಹೇಳಿದ್ರೆ ನೀವು ಭಾಷಣ ಮಾಡ್ತಿದ್ರಿ. ಅದಕ್ಕೇ ನೀವು ಊಟಕ್ಕೆ ಎದ್ದ ಹೊತ್ತು ನೋಡ್ಕೊಂಡು ಡಬ್ಬಕ್ಕೆ ಹಾಕಿ ಬಂದೆ," ಎಂದಳು ಅವಳು. ಆಮೇಲೆ ಕೆಲಸ ಹೋದದ್ದು ಅರ್ಥವಾಗಿ ಅವಳ ಮುಖವೂ ಸಪ್ಪಗಾಯಿತು. "ಅಮ್ಮನಿಗೆ ಸದ್ಯಕ್ಕೆ ಹೇಳೋದು ಬೇಡ, ಬೇಜಾರು ಮಾಡ್ಕೋತಾಳೆ," ಎಂದಳು. ನಾನೂ ಒಪ್ಪಿದೆ. ಅವರಿಗೆ ತಿಳಿಯದಿದ್ದರೆ ಅಷ್ಟಾದರೂ ಮಾನ ಉಳಿದೀತು.

ಮಾರನೆಯ ದಿನ ಅಡುಗೆಮನೆಯಲ್ಲಿ ಸದ್ದಾಗದಂತೆ, ಲೋಟಕ್ಕೆ ಬಟ್ಟೆ ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದೆ. ತಲೆಯೆತ್ತಿದರೆ ಸಕ್ಕರೆ ಡಬ್ಬದ ಮೇಲೆ ಅಂಗೈಯಗಲದ ಬೆಳಕಿನಲ್ಲಿ ಅತ್ತೆಯವರ ಪೂರ್ತಿ ಮುಖ, ಕನ್ನಡಕ ಸಮೇತ.

"ಅಳಿಯಂದ್ರೇ, ಈ ಕಂಪನೀಲಿ ಮುಖಾನೂ ಕಾಣತ್ತೆ ನೋಡಿ, ಅದೂ ಪುಕ್ಕಟೆ! ಅಂದ ಹಾಗೆ ಹನ್ನೊಂದು ಗಂಟೆ ಆಯ್ತಲ್ಲ, ನೀವಿನ್ನೂ ಮನೇಲೇ ಇದೀರಾ?"